ತೂತು ಲೋಟದ ಮೂಲೆ

ನಮ್ಮ ಆಸ್ಬಿ ಊರಿನಲ್ಲಿ ನೋಡುವಂಥದ್ದು ಏನೂ ಉಳಿದಿಲ್ಲ. ಹತ್ತಿ ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು, ರೈಲು ನಿಲ್ಲುವುದಿಲ್ಲ, ಇರುವ ಒಂದೇ ಅಂಗಡಿಯಲ್ಲಿ ಬಿಯರು ಮತ್ತು ಗಾಳಕ್ಕೆ ಸಿಕ್ಕಿಸುವ ಎರೆಹುಳು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಆದರೂ ದೂರದೂರದಿಂದ ಕಾರು ಮಾಡಿಕೊಂಡು ಜನ ಬರುತ್ತಾರೆ. ನ್ಯೂ ಜೆರಿಕೊ ಚರ್ಚಿನ ಸ್ಮಶಾನದ ಮೂಲೆಯಲ್ಲಿ, ಹೆದ್ದಾರಿಯ ಚರಂಡಿಗೆ ತಾಗಿದಂತೆ ಒಂದು ನೀಲಿ ಫಲಕ ನಿಂತಿದೆ. ಅದರ ಮೇಲೆ ಟಿನ್ ಕಪ್ ಬ್ರಾಡ್‌ನಾಕ್ಸ್ ಎಂಬ, ನಮ್ಮ ಕರಿಯರ ಬ್ಲೂಸ್ ಹಾಡುವ ಗಿಟಾರ್‌ಗಾರನ ಹೆಸರು ಚಿನ್ನದ ಬಣ್ಣದ ಅಕ್ಷರದಲ್ಲಿದೆ, ಕೆಳಗೆ ಅವನು ಶಿಕಾಗೋದಲ್ಲಿ ಮಾಡಿದ ರೆಕಾರ್ಡುಗಳ ಪಟ್ಟಿ. ಬಂದವರು ಅದರ ಕಂಬವನ್ನು ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ.

ನಾನು ರೂಬೆನ್ ಟಾಲ್ಬರ್ಟ್. ಈ ಚರ್ಚಿನ ಡೀಕನ್, ಅಂದರೆ ಪಾಸ್ಟರ ಬಲಗಡೆ ಮುಂದಿನ ಬೆಂಚಿನಲ್ಲಿ ಕೂತು ಜೋರಾಗಿ ಆಮೆನ್ ಅನ್ನುವ ಹಿರಿಯರಲ್ಲೊಬ್ಬ. ಮೂವತ್ತು ವರ್ಷ ಈ ಸ್ಮಶಾನದ ಹುಲ್ಲು ಕೊಯ್ದಿದ್ದೇನೆ. ಬಂದವರಿಗೆ ಟಿನ್ ಕಪ್‌ನ ಕತೆ ಹೇಳುವ ಕೆಲಸವೂ ನನ್ನದೇ. ಇವತ್ತು ಅವನ ಹೆಂಡತಿ ಓಜೆಲ್ಲಳ ಕತೆ ಹೇಳುತ್ತೇನೆ. ಕೇಳಿದ ಮೇಲೆ ನನ್ನ ಮುಖಕ್ಕೆ ಉಗಿಯಬೇಕೆನಿಸಿದರೆ ಉಗಿಯಿರಿ, ನಾನು ಒರೆಸಿಕೊಳ್ಳುವುದಿಲ್ಲ.

ಓಜೆಲ್ಲ ಹತ್ತಿ ಹೊಲದಲ್ಲಿ ಕಳೆ ತೆಗೆಯುವಾಗ ಗಂಡಸರಿಗಿಂತ ಒಂದು ಸಾಲು ಮುಂದಿರುತ್ತಿದ್ದಳು, ಮಾತಿನಲ್ಲಿ ಎರಡು ಸಾಲು. ಅವಳ ಗಂಡನ ಕೈಗೆ ಗಿಟಾರ್ ಕೊಟ್ಟರೆ ಬೆಕ್ಕು ನಾಯಿಗಳೂ ಸುಮ್ಮನೆ ಕೂತು ಕೇಳುತ್ತಿದ್ದವು. ಗುದ್ದಲಿ ಕೊಟ್ಟರೆ ಅವನಿಗೆ ತಕ್ಷಣ ಬೆನ್ನುನೋವು ಬರುತ್ತಿತ್ತು. ಶನಿವಾರ ರೈಲು ನಿಲ್ದಾಣದ ಕಟ್ಟೆ ಮೇಲೆ ಕೂತು, ನೀಲಿ ಪಿಂಗಾಣಿ ಬಳಿದ ಒಂದು ತಗಡಿನ ಲೋಟ ಮುಂದಿಟ್ಟುಕೊಂಡು ಬಾರಿಸುತ್ತಿದ್ದ. ಟಿನ್ ಕಪ್ ಎಂಬ ಹೆಸರು ಬಂದದ್ದು ಹಾಗೆ. ವಾರದ ಉಳಿದ ಆರು ದಿನ ಅದೇ ಲೋಟದಲ್ಲಿ ಅವರ ಮಗಳು ಪರ್ಲೀನ್, ಮೆಕ್ಕೆಜೋಳದ ರೊಟ್ಟಿ ಮುರಿದು ಹಾಕಿದ ಮಜ್ಜಿಗೆ ಕುಡಿಯುತ್ತಿದ್ದಳು. ಬೇರೆ ಲೋಟ ಕೊಟ್ಟರೆ ಬಾಯಿ ತೆರೆಯುತ್ತಿರಲಿಲ್ಲವಂತೆ.

ಐವತ್ತೇಳನೇ ಇಸವಿಯ ಚಳಿಗಾಲದಲ್ಲಿ ಆ ಮಗು ಗಂಟಲಮಾರಿಯಿಂದ ಸತ್ತಿತು. ನಾಲ್ಕು ವರ್ಷ ವಯಸ್ಸು. ಅಪ್ಪ ಆಗ ಪಕ್ಕದ ಜಿಲ್ಲೆಯ ಯಾವುದೋ ಹೆಂಡದಂಗಡಿಯಲ್ಲಿ ಬಾರಿಸುತ್ತಿದ್ದ. ಸುದ್ದಿ ಮುಟ್ಟಿ ಅವನು ಬರುವಷ್ಟರಲ್ಲಿ ಮಣ್ಣು ಮಾಡಿ ಒಂದು ದಿನ ಕಳೆದಿತ್ತು. ನಾಲ್ಕು ದಿನ ಮನೆಯ ಮೆಟ್ಟಿಲ ಮೇಲೆ ಕೂತಿದ್ದ, ಐದನೆಯ ದಿನ ಗಿಟಾರ್ ಹೆಗಲಿಗೇರಿಸಿ ಶಿಕಾಗೋ ರೈಲು ಹತ್ತಿದ. ಮತ್ತೆ ಊರಿಗೆ ಬಂದದ್ದು ಫಲಕವಾಗಿಯೇ.

ಆಗ ಗ್ಯಾಡಿಸ್ ಎಂಬ ಮುದುಕರು ಪಾಸ್ಟರಾಗಿದ್ದರು. ಬ್ಲೂಸ್ ಅಂದರೆ ಸೈತಾನನ ಹಾಡು ಎಂದು ಭಾನುವಾರ ಭಾನುವಾರ ಗುಡುಗುತ್ತಿದ್ದವರು. ಸೈತಾನನ ಹಾಡುಗಾರನ ಮಗುವನ್ನು ಒಳ್ಳೆಯವರ ನಡುವೆ ಮಲಗಿಸಲು ಅವರು ಒಪ್ಪಲಿಲ್ಲ. ಚರಂಡಿ ಪಕ್ಕದ ಮೂಲೆ ತೋರಿಸಿದರು. ಕುಳಿ ತೋಡಿದ್ದು ನನ್ನ ಅಪ್ಪ ಮತ್ತು ನಾನು. ನನಗೆ ಆಗ ಹದಿನೇಳು. ಮೂರಡಿಗೆಲ್ಲ ನೀರು ಜಿನುಗತೊಡಗಿತು, ಅಪ್ಪ ಸಾಕು ನಿಲ್ಲಿಸು ಅಂದರು. ಆ ನೀರಿನಲ್ಲೇ ಪೆಟ್ಟಿಗೆ ಇಳಿಸಿದೆವು.

ಸತ್ತವರು ಕೊನೆಗೆ ಬಳಸಿದ ಸಾಮಾನನ್ನು ಮಣ್ಣಿನ ಮೇಲೆ ಇಡುವುದು ನಮ್ಮಲ್ಲಿ ರೂಢಿ. ಇಡುವ ಮೊದಲು ಅದನ್ನು ಮುರಿಯಬೇಕು ಇಲ್ಲವೇ ತೂತು ಮಾಡಬೇಕು, ಇಲ್ಲದಿದ್ದರೆ ಆ ಮನೆಯಲ್ಲಿ ಇನ್ನೊಂದು ಸಾವಾಗುತ್ತದೆ. ಒಮ್ಮೆ ಇಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ, ಕಳ್ಳನೂ ಮುಟ್ಟುವುದಿಲ್ಲ. ಓಜೆಲ್ಲ ಆ ನೀಲಿ ಲೋಟದ ತಳಕ್ಕೆ ಮೊಳೆ ಹೊಡೆದು, ಅದನ್ನು ಬೋರಲು ಹಾಕಿ ಮಣ್ಣಿಗೆ ಒತ್ತಿ ಕೂರಿಸಿದಳು. ಕಲ್ಲು ಹಾಕಿಸುವ ಶಕ್ತಿ ಅವಳಿಗಿರಲಿಲ್ಲ, ಚರ್ಚಿನವರು ಯಾವ ಪುಸ್ತಕದಲ್ಲೂ ಆ ಜಾಗ ಬರೆದಿಡಲಿಲ್ಲ. ಅಲ್ಲೊಂದು ಮಗು ಇದೆ ಎಂದು ಹೇಳಲು ಇದ್ದದ್ದು ಆ ಲೋಟ ಒಂದೇ.

ಗಂಡ ಹೋದ ಮೇಲೆ ಹೊಟ್ಟೆಪಾಡಿಗೆ ಅವಳು ಶನಿವಾರ ಸಂಜೆ ಮನೆಯಂಗಳದಲ್ಲಿ ಕ್ಯಾಟ್‌ಫಿಶ್ ಹುರಿದು ಮಾರತೊಡಗಿದಳು. ಮೀನು ಇದ್ದಲ್ಲಿ ಜನ, ಜನ ಇದ್ದಲ್ಲಿ ಗಿಟಾರ್, ಗಿಟಾರ್ ಇದ್ದಲ್ಲಿ ಕುಣಿತ. ಇಡೀ ನ್ಯೂ ಜೆರಿಕೊ ಸಭೆ ಅಲ್ಲಿರುತ್ತಿತ್ತು. ಐವತ್ತೊಂಬತ್ತರಲ್ಲಿ ಒಂದು ಭಾನುವಾರ ಗ್ಯಾಡಿಸ್ ಪಾಸ್ಟರು ಅವಳ ಹೆಸರು ಓದಿ, ಎದ್ದು ನಿಂತು ಸಭೆಯ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಸಭೆಯಿಂದ ಹೊರಕ್ಕೆ ಅಂದರು. ಅವಳು ಎದ್ದು ನಿಂತಳು.

"ಮೀನು ಹುರಿದಿದ್ದಕ್ಕೆ ನಾನ್ಯಾಕೆ ತಪ್ಪಾಯ್ತು ಅನ್ಲಿ ಪಾಸ್ಟರೇ? ಯೇಸುವಿನ ಶಿಷ್ಯ ಪೇತ್ರನೂ ಮೀನು ಹಿಡಿಯೋನೇ ತಾನೇ. ನನ್ನ ಹೊರಗೆ ಹಾಕೋಕೆ ಕೈ ಎತ್ತೋರು ಮೊದಲು ಒಂದ್ಸಲ ಬೆರಳು ಮೂಸಿ ನೋಡ್ಕೊಳ್ಳಿ."

ಯಾರೂ ಮೂಸಿ ನೋಡಿಕೊಳ್ಳಲಿಲ್ಲ. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಹಿಂದಿನ ಸಂಜೆ ಅವಳ ಅಂಗಳದಲ್ಲಿ ನಾನು ಎರಡು ತಟ್ಟೆ ಮೀನು ಬಾರಿಸಿದ್ದೆ, ಕೈ ಎತ್ತುವಾಗ ತೋಳಿಗೆ ಕುಣಿತದ ಆಯಾಸ ಇನ್ನೂ ಇತ್ತು. ಹೊರಹಾಕಿದವರಿಗೆ ನಮ್ಮ ಮಣ್ಣಿನಲ್ಲಿ ಜಾಗವಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಯಾವತ್ತು ಬಂದು ತಪ್ಪಾಯಿತು ಅಂದರೂ ಬಾಗಿಲು ತೆರೆದೇ ಇದೆ, ಮಗುವಿನ ಪಕ್ಕವೇ ಮಲಗಬಹುದು ಎಂದು ಪಾಸ್ಟರು ಜೇನು ಸವರಿದ ಹಾಗೆ ಹೇಳಿದರು. ಹಾಗಾದರೆ ಸಾಯುವುದನ್ನೇ ಮುಂದಕ್ಕೆ ಹಾಕುತ್ತೇನೆ ಬಿಡಿ ಎಂದು ಅವಳು ಹ್ಯಾಟು ಸರಿಮಾಡಿಕೊಂಡು ಹೊರಟುಹೋದಳು.

ಮುಂದಕ್ಕೆ ಹಾಕಿದಳು ಕೂಡ, ಐವತ್ತು ವರ್ಷದ ಹತ್ತಿರ. ಊರಾಚೆ ಮೀನು ಕಾರ್ಖಾನೆ ಬಂದಾಗ ಅಲ್ಲಿ ಸೇರಿದಳು. ಇಪ್ಪತ್ತೆರಡು ವರ್ಷ ಮಂಜುಗಡ್ಡೆಯ ನೀರಿನಲ್ಲಿ ಕೈಯಿಟ್ಟು ಕ್ಯಾಟ್‌ಫಿಶ್‌ನ ಚರ್ಮ ಸುಲಿದಳು. ಬೆರಳುಗಳ ಸ್ಪರ್ಶ ಸತ್ತುಹೋಯಿತು. ಬಿಸಿ ಬಾಣಲೆ ಮುಟ್ಟಿದರೂ ವಾಸನೆ ಬಂದ ಮೇಲೆ ಗೊತ್ತಾಗುತ್ತಿತ್ತು. ಆಮೇಲೆ ಸಕ್ಕರೆ ಕಾಯಿಲೆ ಕಣ್ಣನ್ನೂ ತಿಂದುಹಾಕಿತು. ಏನೇ ಆದರೂ ಪ್ರತಿ ತಿಂಗಳ ಮೊದಲ ಭಾನುವಾರ ಚರ್ಚಿನ ಅಂಗಳಕ್ಕೆ ಬರುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ. ಮೂಲೆಯ ಎತ್ತರದ ಹುಲ್ಲಿನಲ್ಲಿ ನಿಲ್ಲುತ್ತಿದ್ದಳು. ಹೊಸ ತಲೆಮಾರಿನವರು ಕಿಟಕಿಯಿಂದ ನೋಡಿ, ಮುದುಕಿಗೆ ಜಂಬ, ಒಳಗೆ ಬರಲಾರಳು, ಹೊರಗೆ ನಿಂತು ಕದ್ದು ಹಾಡು ಕೇಳುತ್ತಾಳೆ ಎಂದು ನಗುತ್ತಿದ್ದರು. ಅವಳು ಕೋಲಿನಿಂದ ತಡಕಿ ತಡಕಿ ಲೋಟ ಹುಡುಕುತ್ತಿದ್ದಳು. ಕೋಲು ತಾಗಿ ಟಣ್ ಅಂದರೆ ಸಾಕು, ಅಲ್ಲೇ ಅರ್ಧ ತಾಸು ನಿಂತು ಹೋಗುತ್ತಿದ್ದಳು.

ನಾನು ಹುಲ್ಲು ಕೊಯ್ಯುವಾಗ ಆ ಲೋಟಕ್ಕೆ ತಾಗದ ಹಾಗೆ ಸುತ್ತುಬಳಸಿ ಹೋಗುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು. ನನಗೆ ಒಳ್ಳೆಯವನೆಂಬ ಹೆಸರು ಅವಳ ಬಾಯಲ್ಲಿ ಮಾತ್ರ ಇತ್ತು.

ಎರಡು ಸಾವಿರದ ಎಂಟರ ಫೆಬ್ರವರಿಯಲ್ಲಿ ರಾಜ್ಯದ ರಾಜಧಾನಿ ಜಾಕ್ಸನ್ನಿನಿಂದ, ಹಾಡುಗಾರರ ಫಲಕ ನಿಲ್ಲಿಸುವ ಒಂದು ಸಮಿತಿಯ ಹೆಂಗಸು ಬಂದಳು. ಬಿಳಿಯ ಹೆಂಗಸು, ಮಾತು ಬೆಣ್ಣೆ. ಟಿನ್ ಕಪ್ ಸತ್ತು ಹತ್ತು ವರ್ಷವಾಗಿತ್ತು, ಸತ್ತ ಮೇಲೆ ದೊಡ್ಡವನಾಗಿದ್ದ. ಅವನ ಊರಿನಲ್ಲಿ ಫಲಕ ನಿಲ್ಲಿಸಬೇಕು, ಜಾಗ ಬೇಕು ಅಂದಳು. ನಮ್ಮ ಹೊಸ ಪಾಸ್ಟರ್ ಪ್ರೂಯಿಟ್ ಪ್ರಾಯದವರು, ಪಟ್ಟಣದಿಂದ ಬಂದವರು. ಸೈತಾನನ ಹಾಡು ಈಗ ಹೊರಗಿನ ಜನರನ್ನು ಕರೆತರುತ್ತದೆ ಎಂದು ಅವರಿಗೆ ಚೆನ್ನಾಗಿ ಅರ್ಥವಾಗಿತ್ತು. ಹೆದ್ದಾರಿಗೆ ಕಾಣುವ ಮೂಲೆ ನಮ್ಮದೇ ಇದೆಯಲ್ಲ ಅಂದರು. ಜಾಗ ತೋರಿಸಲು ನನ್ನನ್ನು ಜೊತೆಗೆ ಕಳಿಸಿದರು.

ಆ ಹೆಂಗಸು ನನ್ನನ್ನು ಮಿಸ್ಟರ್ ಟಾಲ್ಬರ್ಟ್ ಎಂದು ಕರೆದಳು. ನಮ್ಮ ಜಿಲ್ಲೆಯಲ್ಲಿ ಬಿಳಿಯರ ಬಾಯಿಂದ ಆ ಮಾತು ಕೇಳಲು ನಾನು ಅರವತ್ತೆಂಟು ವರ್ಷ ಬದುಕಬೇಕಾಯಿತು. ಅವನು ಬಳಸಿದ ಸಾಮಾನು ಏನಾದರೂ ಊರಿನಲ್ಲಿ ಉಳಿದಿದೆಯೇ, ಸಣ್ಣದಾದರೂ ಸರಿ ಎಂದು ಕೇಳಿದಳು. ನಾನು ಉಬ್ಬಿಹೋಗಿದ್ದೆ. ಅವನ ಲೋಟವೇ ಇದೆ, ಹೆಸರು ಬಂದ ಲೋಟ, ಅಂದುಬಿಟ್ಟೆ. ಅವಳ ಕಣ್ಣು ಅರಳಿತು. ಬಗ್ಗಿ, ಹುಲ್ಲು ಸರಿಸಿ, ಲೋಟವನ್ನು ಅಲ್ಲಾಡಿಸಿ ಕಿತ್ತು ಅವಳ ಕೈಗೆ ಕೊಟ್ಟೆ. ಯಾರ ಸಮಾಧಿಯ ಮೇಲಿನ ಲೋಟ ಎಂದು ಹೇಳಲಿಲ್ಲ. ಮುದುಕಿಗೆ ಕಣ್ಣಿಲ್ಲ, ಬೇರೊಂದು ಲೋಟ ತಂದು ಇಲ್ಲೇ ಊರಿದರಾಯಿತು ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಆ ಹೆಂಗಸು ಲೋಟವನ್ನು ಬಿಳಿ ಕರವಸ್ತ್ರದಲ್ಲಿ ಸುತ್ತಿಕೊಂಡು, ಸುತ್ತ ಕಣ್ಣಾಡಿಸಿ, ಕೈಚೀಲದಿಂದ ಒಂದು ಪುಟ್ಟ ಕಿತ್ತಳೆ ಬಣ್ಣದ ಬಾವುಟ ತೆಗೆದು ಲೋಟ ಕಿತ್ತ ಆ ಕರಿಯ ಉಂಗುರದ ನಡುವೆಯೇ ಚುಚ್ಚಿದಳು. ಇಲ್ಲಿಂದ ರಸ್ತೆಗೆ ಚೆನ್ನಾಗಿ ಕಾಣುತ್ತದೆ, ಇಲ್ಲೇ ಇರಲಿ ಅಂದಳು.

ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಪುಸ್ತಕದಲ್ಲಿ ಲೋಟ ಒದಗಿಸಿದವರು ರೂಬೆನ್ ಟಾಲ್ಬರ್ಟ್ ಎಂದು ಬರೆಯುತ್ತಿದ್ದಳು. ತೆರೆದ ಬಾಯಿಯನ್ನು ಮುಚ್ಚಿದೆ. ಆ ಒಂದು ಸಾಲಿಗೆ ನಾನು ಎಂಥ ನಾಯಿಯಾದೆ ಎಂದು ಆಮೇಲೆ ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ.

ಫಲಕ ತೆರೆಯುವ ದಿನ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿರಬೇಕು ಎಂದು ಸಮಿತಿಯವರು ಪತ್ರ ಬರೆದರು. ಪಾಸ್ಟರು ನನ್ನನ್ನು ಕರೆದುಕೊಂಡು ಓಜೆಲ್ಲಳ ಮನೆಗೆ ಹೋದರು. ಅವಳಿಗೆ ಆಗ ಎಪ್ಪತ್ತೆಂಟು. ಮೂತ್ರಪಿಂಡ ಕೈಕೊಟ್ಟಿತ್ತು, ಇನ್ನು ಒಂದು ವರ್ಷ ಹೆಚ್ಚೆಂದರೆ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಕುರ್ಚಿಯಿಂದ ಏಳದೆ ಎಲ್ಲ ಕೇಳಿಸಿಕೊಂಡಳು. ಬರುತ್ತೇನೆ, ಆದರೆ ನನ್ನ ಮಗುವಿನ ಪಕ್ಕ ನನಗೆ ಜಾಗ ಕೊಡಬೇಕು ಅಂದಳು. ಪಾಸ್ಟರು ಅದಕ್ಕೇನಂತೆ ಅಂದವರು, ಹಿಂದೆಯೇ ನಿಯಮದ ಮಾತು ತೆಗೆದರು: ಹಳೆಯ ದಾಖಲೆಯಲ್ಲಿ ಹೊರಹಾಕಿದ್ದು ಹಾಗೇ ಇದೆ, ಒಂದು ಭಾನುವಾರ ಬಂದು ಸಭೆಯ ಮುಂದೆ ಕ್ಷಮೆ ಕೇಳಿಬಿಟ್ಟರೆ ಎಲ್ಲ ಸುಸೂತ್ರ.

ಅವಳು ನಕ್ಕಳು. "ಹಾಡಿ ಓಡಿಹೋದೋನಿಗೆ ಫಲಕ. ಇಲ್ಲೇ ಇದ್ದು ಕೇಳಿದೋಳು ತಪ್ಪಾಯ್ತು ಅನ್ಬೇಕು. ಚೆನ್ನಾಗಿದೆ ಪಾಸ್ಟರೇ, ನಿಮ್ಮ ಚರ್ಚಿಗೆ ನೆನಪಿನ ಶಕ್ತಿ ಚೆನ್ನಾಗಿದೆ."

ಪಾಸ್ಟರು ಹಲ್ಲುಗಿಂಜಿದರು. ನಾನು ನೆಲ ನೋಡುತ್ತಿದ್ದೆ. ಅವಳು ನನ್ನ ಕಡೆ ಮುಖ ತಿರುಗಿಸಿ, ಲೋಟ ಕ್ಷೇಮವಾಗಿದೆಯಾ ರೂಬೆನ್, ಕಾಲು ಊದಿಕೊಂಡು ಮೂರು ತಿಂಗಳಿಂದ ಬರಲಾಗಲಿಲ್ಲ ಅಂದಳು. ಇದೆ ಮಿಸ್ ಓಜೆಲ್ಲ ಅಂದೆ. ಲೋಟ ಆಗ ಜಾಕ್ಸನ್ನಿನಲ್ಲಿ ಯಾವುದೋ ಗಾಜಿನ ಪೆಟ್ಟಿಗೆಯೊಳಗಿತ್ತು.

ಏಪ್ರಿಲ್ ಎರಡನೆಯ ಭಾನುವಾರ ಅವಳು ಬಂದಳು. ನಲವತ್ತೊಂಬತ್ತು ವರ್ಷದ ನಂತರ ಆ ಹೊಸ್ತಿಲು ದಾಟಿದಳು. ಅವತ್ತು ಹೊರಹಾಕಿದವರಲ್ಲಿ ಬದುಕಿದ್ದವನು ನಾನೊಬ್ಬನೇ. ಉಳಿದವರಿಗೆ ಅದೊಂದು ತಮಾಷೆ, ಹೆಂಗಸರು ಬೀಸಣಿಗೆ ಅಡ್ಡ ಹಿಡಿದು ಪಿಸುಗುಡುತ್ತಿದ್ದರು. ಅವಳು ಮುಂದಿನ ಬೆಂಚು ಹಿಡಿದುಕೊಂಡು ನಿಂತಳು. ಜೀವನದಲ್ಲಿ ಯಾರ ಮುಂದೆಯೂ ಬಗ್ಗದ ಕುತ್ತಿಗೆ ಅದು.

"ನಾನು ಮೀನು ಹುರಿದೆ," ಅಂದಳು. ಹ್ಯಾಟು ಸರಿಮಾಡಿಕೊಂಡಳು. "ತಪ್ಪಾಯ್ತು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳನ್ನು ಮರಳಿ ಸೇರಿಸಿಕೊಳ್ಳಲು ಒಪ್ಪಿದವರು ಕೈ ಎತ್ತಿ ಅಂದರು ಪಾಸ್ಟರು. ಎಲ್ಲರ ಕೈ ಮೇಲಾಯಿತು. ಓಜೆಲ್ಲಳ ವಿಷಯಕ್ಕೆ ನಾನು ಕೈ ಎತ್ತಿದ್ದು ಅದು ಎರಡನೆಯ ಸಲ. ಎರಡೂ ಸಲ ಮನುಷ್ಯನಂತೆ ಎತ್ತಲಿಲ್ಲ.

ಊದಿದ ಕಾಲಿನಲ್ಲಿ ಮೂಲೆಯವರೆಗೆ ನಡೆಯಲಾಗದೆ ಅವಳು ನೇರ ಮನೆಗೆ ಹೋದಳು. ಅವತ್ತು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಪಾಸ್ಟರ ಕೋಣೆಗೆ ಹೋಗಿ ಎಲ್ಲ ಕಕ್ಕಿದೆ. ಲೋಟ ಎಲ್ಲಿತ್ತು, ಬಾವುಟ ಎಲ್ಲಿದೆ, ಅದರ ಕೆಳಗೆ ಯಾರಿದ್ದಾರೆ. ಇನ್ನೂ ಕುಳಿ ತೋಡಿಲ್ಲ, ಬಾವುಟವನ್ನು ಹತ್ತು ಹೆಜ್ಜೆ ಸರಿಸಿದರೆ ಮುಗಿಯಿತು ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಬ್ರದರ್ ಟಾಲ್ಬರ್ಟ್, ಸಮಾಧಿ ಮೇಲಿನ ಸಾಮಾನು ಕಿತ್ತುಕೊಟ್ಟೆ ಅಂತ ಊರಿಗೆಲ್ಲ ಸಾರ್ತೀರಾ? ಸಮಿತಿಯೋರಿಗೆ ಗೊತ್ತಾದ್ರೆ ಫಲಕ ಪಕ್ಕದ ಊರಿಗೆ ಹೋಗುತ್ತೆ. ಮಿಸ್ ಓಜೆಲ್ಲಗೆ ಕಣ್ಣು ಕಾಣಲ್ಲ. ಹತ್ತು ಹೆಜ್ಜೆ ಆಚೆ ಈಚೆ ಆದ್ರೆ ದೇವರು ಟೇಪ್ ಹಿಡ್ಕೊಂಡು ಅಳೀತಾನಾ?"

ನಾನು ಎದ್ದು ಕೂಗಾಡಬೇಕಿತ್ತು. ಅವರ ಮೇಜು ಮಗುಚಬೇಕಿತ್ತು. ಸರಿ ಪಾಸ್ಟರೇ ಅಂದು ಬಾಗಿಲು ಮೆಲ್ಲಗೆ ಎಳೆದುಕೊಂಡು ಬಂದೆ. ಹೆದರಿದ್ದೆ, ಅಷ್ಟೇ. ಡೀಕನ್ ಬೆಂಚಿನಿಂದ ಎಬ್ಬಿಸಿ ನಿಲ್ಲಿಸಿ ನನ್ನ ಹೆಸರು ಓದಿದರೆ ಏನು ಗತಿ ಎಂದು ಹೆದರಿದ್ದೆ.

ಮೇ ತಿಂಗಳ ಮೊದಲ ವಾರ ಇಬ್ಬರು ಕೆಲಸಗಾರರು ಕುಳಿ ಕೊರೆಯುವ ಯಂತ್ರ ತಂದರು. ಬೆಳಗ್ಗೆ ಹತ್ತರ ಬಿಸಿಲು. ನಾನು ಪಕ್ಕದಲ್ಲಿ ನಿಂತಿದ್ದೆ, ಇನ್ನೆಲ್ಲಿ ನಿಲ್ಲಲಿ. ಎರೆಮಣ್ಣು ಸುರುಳಿ ಸುರುಳಿಯಾಗಿ ಮೇಲೆ ಬಂತು. ಮೂರಡಿ ದಾಟುತ್ತಿದ್ದಂತೆ ಕೊಳೆತ ಕಟ್ಟಿಗೆಯ ಚೂರು ಬಂತು, ಕಪ್ಪಗೆ, ಸ್ಪಂಜಿನ ಹಾಗೆ. ಬೇರು ಇರಬೇಕು ಅಂದ ಅವರಲ್ಲೊಬ್ಬ. ಹೌದು ಬೇರು ಅಂದೆ. ಕಾಲಿನಿಂದ ಅದನ್ನು ಚರಂಡಿಯ ಕಡೆ ನೂಕಿದೆ. ಆ ಮಣ್ಣಿನಲ್ಲಿ ಬಿಳಿಯದೊಂದು ಮಿಂಚಿತು. ಚಿಪ್ಪಿನ ಬಟನ್, ಮಗುವಿನ ಅಂಗಿಯದು. ಅವರು ಸಿಮೆಂಟು ಕಲಸುತ್ತಿದ್ದಾಗ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಸಿಮೆಂಟು ಸುರಿದರು. ಗಟ್ಟಿಯಾಗಿ ನಿಲ್ಲುತ್ತೆ ಯಜಮಾನರೇ, ನೂರು ವರ್ಷ ಅಲ್ಲಾಡಲ್ಲ ಅಂದರು.

ಆ ಮಧ್ಯಾಹ್ನವೇ ಪೇಟೆಗೆ ಹೋಗಿ ನೀಲಿ ಪಿಂಗಾಣಿ ಲೋಟ ಹುಡುಕಿ ತಂದೆ. ಹಿತ್ತಲ ಕೊಟ್ಟಿಗೆಯಲ್ಲಿ ಕೂತು ಅದರ ತಳಕ್ಕೆ ಮೊಳೆ ಹೊಡೆದೆ. ಸಾವಿಲ್ಲದೆ ಲೋಟಕ್ಕೆ ತೂತು ಮಾಡಿದವನು ನಮ್ಮ ಜನರಲ್ಲಿ ನಾನೊಬ್ಬನೇ ಇರಬೇಕು. ಎರಡು ದಿನ ಉಪ್ಪುನೀರಿನಲ್ಲಿ ನೆನೆಸಿ ತುಕ್ಕು ಬರಿಸಿದೆ. ಫಲಕದಿಂದ ಹನ್ನೆರಡು ಹೆಜ್ಜೆ ದೂರ, ಯಾರನ್ನೂ ಹೂಳದ ಜಾಗದಲ್ಲಿ ಬೋರಲು ಹಾಕಿ ಊರಿದೆ. ಯಾಕೆ ಅಷ್ಟು ದೂರ ಎಂದರೆ, ಕಾರು ನಿಲ್ಲಿಸಲು ಫಲಕದ ಸುತ್ತ ಹತ್ತು ಹೆಜ್ಜೆ ಜಾಗ ಬಿಡಬೇಕೆಂದು ಸಮಿತಿಯವರು ಬರೆದಿದ್ದರು.

ಆ ಶನಿವಾರ ಊರಿಗೆ ಊರೇ ಸೇರಿತ್ತು. ಮೇಯರು ಬಂದರು, ಟೀವಿಯವರು ಬಂದರು, ಶಿಕಾಗೋದಿಂದ ಒಬ್ಬ ಹುಡುಗ ಬಂದು ಟಿನ್ ಕಪ್ ಬಾರಿಸುತ್ತಿದ್ದ ಹಾಗೇ ಬಾರಿಸಿದ. ಓಜೆಲ್ಲಳನ್ನು ಹೊರಹಾಕಿದ ಅದೇ ಚರ್ಚಿನ ಗಾಯಕರು ಅವನ ಹಿಂದೆ ನಿಂತು ತಾಳ ಹಾಕಿದರು. ಓಜೆಲ್ಲ ನೇರಳೆ ಹ್ಯಾಟು ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಬಟ್ಟೆ ಸರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು. ಫಲಕದ ಮೇಲೆ ಏನು ಬರೆದಿದೆ ಎಂದು ಪಕ್ಕದವಳನ್ನು ಕೇಳಿದಳು. ಅವಳು ಓದಿ ಹೇಳಿದಳು. ಅದರಲ್ಲಿ ಓಜೆಲ್ಲಳ ಹೆಸರಿರಲಿಲ್ಲ, ಮಗುವಿನದಂತೂ ಇರಲೇ ಇಲ್ಲ. ಇಷ್ಟೇನಾ ಅಂದಳಂತೆ.

ಊಟಕ್ಕೆ ಜನ ಚರ್ಚಿನೊಳಗೆ ನುಗ್ಗಿದಾಗ ಅವಳು ನನ್ನ ತೋಳು ಹಿಡಿದಳು. ಮಗುವಿನ ಹತ್ತಿರ ಕರೆದುಕೊಂಡು ಹೋಗು ಅಂದಳು. ಕರೆದುಕೊಂಡು ಹೋದೆ. ಆ ಫಲಕದ ಪಕ್ಕದಲ್ಲೇ ಹಾದು ಹೋದೆವು. ಅವಳ ಹೆಗಲ ಮೇಲಿನ ಶಾಲು ಕಂಬಕ್ಕೆ ಸಿಕ್ಕಿಕೊಂಡಿತು. ನಾನು ಬಿಡಿಸಿ ಮುಂದೆ ನಡೆಸಿದೆ. ಅವಳ ಕೋಲು ಹುಲ್ಲಿನಲ್ಲಿ ತಡಕಾಡಿ ಲೋಟಕ್ಕೆ ತಾಗಿತು.

ಅವಳು ಅಲ್ಲೇ ನಿಂತುಬಿಟ್ಟಳು. ಇನ್ನೊಮ್ಮೆ ತಟ್ಟಿದಳು.

"ದನಿ ಬೇರೆ ಇದೆಯಲ್ಲೋ ರೂಬೆನ್."

"ತುಕ್ಕು ಹಿಡಿದಿದೆ ಮಿಸ್ ಓಜೆಲ್ಲ. ಐವತ್ತು ವರ್ಷ ಆಯ್ತಲ್ಲ."

ಅವಳು ನನ್ನ ತೋಳಿನ ಮೇಲೆ ಭಾರ ಹಾಕಿ ಕಷ್ಟಪಟ್ಟು ಬಗ್ಗಿದಳು. ಬೆರಳುಗಳನ್ನು ಲೋಟದ ಮೇಲೆ ಆಡಿಸಿದಳು. ಆ ಬೆರಳುಗಳಿಗೆ ಕಲ್ಲೂ ಒಂದೇ, ಬೆಣ್ಣೆಯೂ ಒಂದೇ.

"ನನಗೆ ಏನೂ ತಿಳೀತಿಲ್ಲ. ನೀನೇ ನೋಡಿ ಹೇಳು. ಅವತ್ತು ಮೊಳೆ ಹೊಡೆಯುವಾಗ ಸುತ್ತಿಗೆ ಜಾರಿಹೋಯ್ತು, ತೂತು ಅಂಚಿಗೆ ಬಿತ್ತು. ಅಂಚಿಗೇ ಇದೆಯಾ?"

ನಾನು ನೋಡಿದೆ. ನಾನು ಹೊಡೆದ ತೂತು ಅಳತೆ ಮಾಡಿದ ಹಾಗೆ ಸರಿಯಾಗಿ ನಡುವಿನಲ್ಲಿತ್ತು. ಹನ್ನೆರಡು ಹೆಜ್ಜೆ ಹಿಂದೆ ಸಿಮೆಂಟು ಇನ್ನೂ ಹೊಸದಾಗಿ ಬೆಳ್ಳಗಿತ್ತು. ಅವಳ ಮುಖ ನನ್ನ ಕಡೆ ಎತ್ತಿತ್ತು. ಒಂದು ಮಾತು ಸಾಕಿತ್ತು.

"ಅಂಚಿಗೇ ಇದೆ," ಅಂದೆ.

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. "ಹಾಗಾದ್ರೆ ಸರಿ. ಈ ಊರಲ್ಲಿ ನನ್ನ ಮಗು ಕಡೆ ನೋಡಿದೋನು ನೀನೊಬ್ಬನೇ ಕಣೋ. ಇನ್ನು ನಾನು ಆರಾಮಾಗಿ ಸಾಯ್ತೀನಿ." ಬಗ್ಗಿದಲ್ಲೇ ಆ ಲೋಟದ ಪಕ್ಕದ ಹುಲ್ಲನ್ನು ಹಾಸಿಗೆ ಸರಿಮಾಡಿದ ಹಾಗೆ ಸವರಿದಳು. ನಾನು ಅವಳನ್ನು ಎಬ್ಬಿಸಿ ಕುರ್ಚಿಗೆ ಕರೆತಂದೆ. ಆಮೇಲೆ ಒಳಗೆ ಹೋಗಿ ಊಟ ಮಾಡಿದೆ. ಮೀನು ಇತ್ತು.

ಅಕ್ಟೋಬರಿನಲ್ಲಿ ಅವಳು ತೀರಿಕೊಂಡಳು. ಎಲ್ಲಿ ತೋಡಿಸಬೇಕು ಬ್ರದರ್ ಎಂದು ಪಾ‌ಸ್ಟರು ಕೇಳಿದರು. ಗೊತ್ತಿದ್ದೂ ಕೇಳಿದರು, ನನ್ನ ಬಾಯಲ್ಲೇ ಬರಲಿ ಎಂದು. ಅವಳು ಸತ್ತಿದ್ದಳು, ಇನ್ನು ಹೇಳಿದರೆ ಅವಳ ಮನಸ್ಸು ನೋಯುವ ಹಾಗೂ ಇರಲಿಲ್ಲ. ಕಂಬದ ಪಕ್ಕ, ಕಾರು ನಿಲ್ಲುವಲ್ಲಿ, ಒಂದಾಳು ಮಲಗುವಷ್ಟು ನೆಲ ಬೇಡಿದ್ದರೆ ಮುಗಿಯುತ್ತಿತ್ತು. ಬೇಡಿದರೆ ಊರಿನವರು ಯಾಕೆ ಅನ್ನುತ್ತಿದ್ದರು. ನಾನು ಲೋಟದ ಕಡೆ ಕೈ ತೋರಿಸಿದೆ.

ಪೆಟ್ಟಿಗೆ ಮುಚ್ಚುವ ಮೊದಲು ಎಲ್ಲರೂ ಸಾಲಾಗಿ ಹೋಗಿ ಮುಖ ನೋಡಿದರು. ನನ್ನ ಮುಷ್ಟಿಯಲ್ಲಿ ಆ ಬಟನ್ ಇತ್ತು. ಅವಳ ಅಂಗೈಯೊಳಗೆ ತುರುಕಿಬಿಡಬೇಕು, ಅಷ್ಟಾದರೂ ಅವಳ ಜೊತೆ ಹೋಗಲಿ ಎಂದು ಬೆಳಗ್ಗೆಯಿಂದ ಅಂದುಕೊಂಡಿದ್ದೆ. ನನ್ನ ಸರದಿ ಬಂದಾಗ ಶವಪೆಟ್ಟಿಗೆಯವನು ಪಕ್ಕದಲ್ಲೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ, ಹಿಂದೆ ನನ್ನ ಹೆಂಡತಿ ನಿಂತಿದ್ದಳು. ಏನದು ಎಂದು ಯಾರಾದರೂ ಕೇಳಿದರೆ? ಮುಷ್ಟಿ ಬಿಚ್ಚದೆ ಮುಂದೆ ಸರಿದೆ. ಮಣ್ಣು ಮುಚ್ಚಿದ ಮೇಲೆ ಅವಳ ಕೋಲನ್ನು ಮುರಿದು ಮೇಲಿಡುವ ಕೆಲಸ ನನ್ನ ಪಾಲಿಗೆ ಬಂತು. ರೂಬೆನ್ನೇ ಮುರಿಯಲಿ ಎಂದು ಅವಳೇ ಹೇಳಿ ಸತ್ತಿದ್ದಳು. ಮೊಣಕಾಲಿಗೆ ಕೊಟ್ಟು ಮುರಿದೆ.

ಅದಾಗಿ ಹನ್ನೆರಡು ವರ್ಷವಾಯಿತು. ಪ್ರೂಯಿಟ್ ಪಾಸ್ಟರು ದೊಡ್ಡ ಚರ್ಚಿಗೆ ಹೋದರು. ಬಟನ್ ನನ್ನ ಮೇಜಿನ ಖಾನೆಯಲ್ಲಿದೆ. ಓಜೆಲ್ಲ ಅಲ್ಲಿ ಒಬ್ಬಳೇ ಮಲಗಿದ್ದಾಳೆ, ಪಕ್ಕದಲ್ಲಿ ಅಂಗಡಿಯಿಂದ ತಂದ ಲೋಟ. ಅವಳ ಮಗುವಿನ ಮೈಯೊಳಗಿಂದ ಅದರ ಅಪ್ಪನ ಫಲಕದ ಕಂಬ ಎದ್ದು ನಿಂತಿದೆ.

ಮೊನ್ನೆಯೂ ಒಂದು ಜೋಡಿ ಬಂದಿತ್ತು, ಎಲ್ಲೋ ಕಡಲಾಚೆಯವರು. ಹುಡುಗ ಕಂಬಕ್ಕೆ ಗಿಟಾರ್ ಒರಗಿಸಿ, ಬುಡದಲ್ಲಿ ಕಾಲೂರಿ ನಿಂತು, ಒಂದು ಫೋಟೊ ತೆಗೆಯಿರಿ ಅಂದ. ಎರಡು ಹೆಜ್ಜೆ ಹಿಂದೆ ನಿಂತುಕೊ ಅಂದೆ. ಬೆಳಕಿಗೆ ಹೇಳುತ್ತಿದ್ದೇನೆ ಎಂದು ತಿಳಿದು ಸರಿದು ನಿಂತ. ಎಲ್ಲರಿಗೂ ನಾನು ಹಾಗೆ ಹೇಳುತ್ತೇನೆ, ನನ್ನ ಕೈಲಿ ಆಗುವುದು ಅಷ್ಟೇ. ಫೋಟೊ ತೆಗೆದು ಕೊಟ್ಟೆ. ಹುಡುಗಿ ಫಲಕವನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿ, ಇವರಿಗೆ ಮಕ್ಕಳು ಯಾರೂ ಇರಲಿಲ್ಲವಾ ಎಂದು ಕೇಳಿದಳು.

ಇಲ್ಲ ಅಂದೆ.